ಹಗುರ ಮರ, ಭಾರದ ಸೀಸ: ಕಡಲ ಮೀನಿಗೆ ನಾನೇ ಕೆತ್ತಿದ ಲೂರ್

ಮೊದಲು ಫಲಿತಾಂಶವನ್ನೇ ಹೇಳಿಬಿಡುತ್ತೇನೆ. ಸೀಡರ್ ಮರದಲ್ಲಿ ನಾನು ಕೆತ್ತಿದ 21 ಸೆಂಟಿಮೀಟರ್ ಉದ್ದದ ಸ್ಟಿಕ್‌ಬೇಟ್, ಅಂದರೆ ಮೀನನ್ನು ಮರುಳುಮಾಡುವ ಕಡ್ಡಿಯಾಕಾರದ ಕೃತಕ ಎರೆ (ಲೂರ್), ಎರಡು ಹಂಗಾಮು ಮುಗಿಸಿ ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ. ಹನ್ನೊಂದು ಟ್ರೆವಲಿ, ಎರಡು ಯೆಲ್ಲೋಫಿನ್ ಟ್ಯೂನಾ ಅದಕ್ಕೆ ಬಿದ್ದಿವೆ. ಬರಾಕುಡಾಗಳನ್ನು ಎಣಿಸುವುದನ್ನು ಬಿಟ್ಟಿದ್ದೇನೆ. ಬಣ್ಣ ಅರ್ಧ ಹೋಗಿದೆ, ಮೈತುಂಬ ಹಲ್ಲಿನ ಗೀರು. ಆದರೆ ಮರ ಸೀಳಿಲ್ಲ, ಕೊಕ್ಕೆ ಸಿಕ್ಕಿಸುವ ತಂತಿಯ ಒಂದು ಕುಣಿಕೆಯೂ ಬಾಯಿ ಬಿಟ್ಟಿಲ್ಲ. ಇದನ್ನು ಮೊದಲ ಸಲ ಬೋಟಿಗೆ ತಂದಾಗ ಜೊತೆಗಿದ್ದ ಹಿರಿಯರೊಬ್ಬರು ಕೈಯಲ್ಲಿ ಹಿಡಿದು ತೂಗಿ ನೋಡಿ, "ಲಟ್ಟಣಿಗೆಗೆ ಕೊಕ್ಕೆ ಕಟ್ಟಿದ್ದೀಯಲ್ಲ, ಇಷ್ಟು ಹಗುರದ ಮರ ಮೊದಲ ಕಡಿತಕ್ಕೇ ಎರಡು ಹೋಳು" ಎಂದಿದ್ದರು. ಆ ಮಾತಿಗೆ ಉತ್ತರ ಕೊಡಲು ನನಗೆ ಮೂರು ವರ್ಷ ಮತ್ತು ನಲವತ್ತರಷ್ಟು ಮರದ ತುಂಡುಗಳು ಬೇಕಾದವು.

ಎಲ್ಲರಂತೆ ನಾನೂ ಗಟ್ಟಿ ಮೀನಿಗೆ ಗಟ್ಟಿ ಮರ ಎಂದೇ ನಂಬಿದ್ದೆ. ಮೊದಲ ಏಳು ಲೂರ್‌ಗಳು ತೇಗದವು. ನೋಡಲು ಎಂಥ ಚಂದ! ನೀರಿಗೆ ಹಾಕಿದರೆ ಮಾತ್ರ ಒಂದೂ ನೆಟ್ಟಗೆ ನಿಲ್ಲಲಿಲ್ಲ. ಸ್ವಲ್ಪ ಜೋರಾಗಿ ಎಳೆದರೆ ಮಗುಚಿ, ಹೊಟ್ಟೆಯ ಕೊಕ್ಕೆ ಆಕಾಶಕ್ಕೆ ಮುಖಮಾಡಿ ಬರುತ್ತಿತ್ತು. ಆಕಾರದ ತಪ್ಪು ಎಂದುಕೊಂಡು ಮೂತಿ ಸಣ್ಣಗೆ ಮಾಡಿದೆ, ಹೊಟ್ಟೆ ಚಪ್ಪಟೆ ಮಾಡಿದೆ, ಬಾಲ ತೆಳುವಾಗಿಸಿದೆ. ಏನೂ ಪ್ರಯೋಜನವಾಗಲಿಲ್ಲ. ಕೊನೆಗೆ ಒಂದು ರಾತ್ರಿ ತಕ್ಕಡಿ ಹಿಡಿದು ಕುಳಿತಾಗ ಕಾರಣ ತಿಳಿಯಿತು. ಈ ಅಳತೆಯ ಲೂರ್‌ನ ಗಾತ್ರ ಸುಮಾರು 125 ಘನ ಸೆಂಟಿಮೀಟರ್. ಅದು ತೇಲಬೇಕಾದರೆ ಎಲ್ಲ ಸೇರಿ 120 ಗ್ರಾಮಿನ ಆಸುಪಾಸಿನಲ್ಲಿ ಮುಗಿಯಬೇಕು. ತೇಗವೇ 80 ಗ್ರಾಂ ತಿನ್ನುತ್ತದೆ. ಕೊಕ್ಕೆ, ರಿಂಗ್, ತಂತಿ, ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟಿಗೆ ಇನ್ನೊಂದು ನಲವತ್ತು. ಸೀಸಕ್ಕೆ ಜಾಗವೇ ಇಲ್ಲ! ಸೀಡರ್ ಆದರೆ ಮರ 50 ಗ್ರಾಮಿನಲ್ಲಿ ಮುಗಿಯುತ್ತದೆ, 25 ಗ್ರಾಂ ಸೀಸವನ್ನು ಹೊಟ್ಟೆಯ ತಳಕ್ಕೆ ಕೂಡಿಸಬಹುದು. ಲೂರ್ ನೆಟ್ಟಗೆ ನಿಲ್ಲುವುದು ಆ ಸೀಸದಿಂದ. ಮರ ಬರೀ ಗಾಳಿ ತುಂಬಿದ ಚೀಲವಿದ್ದಂತೆ, ಅದು ಹಗುರವಾದಷ್ಟೂ ಸೀಸಕ್ಕೆ ಎಡೆ ಹೆಚ್ಚು. ಹಾಗೆಂದು ಬಾಲ್ಸಾದಂಥ ಅತಿ ಹಗುರ ಮರಕ್ಕೆ ಇಳಿಯಬೇಡಿ. ನಾನು ಇಳಿದಿದ್ದೆ. ಬರಾಕುಡಾ ಹಲ್ಲು ಊರಿದ ಕಡೆಯಲ್ಲೆಲ್ಲ ಹೊದಿಕೆ ಕುಸಿದು ಗುಳಿ ಬಿತ್ತು, ಮರುದಿನ ನೀರು ಕುಡಿದು ಉಬ್ಬಿತು. ಪೌಲೋನಿಯಾ, ಸೀಡರ್ ಇವೆರಡರ ನಡುವೆಯೇ ನನ್ನ ಓಡಾಟ.

ಬಲ ಕೊಡುವುದು ಮರವಲ್ಲ, ತಂತಿ. ಮೂತಿಯಿಂದ ಬಾಲದವರೆಗೆ ಒಂದೇ ತಂತಿ ಹೋಗಿದ್ದರೆ ಮರ ಪುಡಿಯಾದರೂ ಮೀನು ಕೈಯಲ್ಲೇ ಇರುತ್ತದೆ. ಇದು ಗೊತ್ತಿದ್ದೂ ಒಂಬತ್ತನೆಯ ಲೂರ್‌ನಲ್ಲಿ ಮನೆಯಲ್ಲಿದ್ದ 1.2 ಮಿಲಿಮೀಟರ್ ತಂತಿಯನ್ನೇ ಹಾಕಿದೆ, ಅದೂ ಕುಣಿಕೆಯನ್ನು ಸುತ್ತದೆ ಬರೀ ಬಗ್ಗಿಸಿ ಅಂಟು ತುಂಬಿದೆ. ಒಳ್ಳೆಯ ಟ್ರೆವಲಿ ಹಿಡಿಯಿತು, ಬಂಡೆಯ ಕಡೆಗೆ ಎರಡು ಓಟ ಓಡಿತು, ಆಮೇಲೆ ದಾರ ಸಡಿಲ. ಲೂರ್ ವಾಪಸು ಬಂತು, ಬಾಲದ ಕೊಕ್ಕೆ ಇರಲಿಲ್ಲ. ಕುಣಿಕೆ ಪೂರ್ತಿ ನೆಟ್ಟಗಾಗಿತ್ತು. ಮನೆಗೆ ಬಂದವನೇ ತೊಲೆಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ ಒಂದೊಂದೇ ಎಳೆದು ನೋಡಿದೆ. ಬರೀ ಬಗ್ಗಿಸಿದ್ದು ಇಪ್ಪತ್ತು ಚಿಲ್ಲರೆ ಕಿಲೋಗೆ ತೆರೆದುಕೊಂಡಿತು. 1.6 ಮಿಲಿಮೀಟರಿನ 316 ದರ್ಜೆಯ ಸ್ಟೇನ್‌ಲೆಸ್ ತಂತಿಯನ್ನು ಐದು ಸುತ್ತು ಬಿಗಿಯಾಗಿ ಸುತ್ತಿದ್ದು ನನ್ನ ತಕ್ಕಡಿಯ ಕೊನೆಯ ಗೆರೆ, ಅಂದರೆ 50 ಕಿಲೋ, ಮುಟ್ಟಿದರೂ ಅಲುಗಲಿಲ್ಲ. 304 ದರ್ಜೆಯದು ಅಗ್ಗ, ಆದರೆ ಕುಣಿಕೆಯ ಸಂದಿನಲ್ಲಿ ತುಕ್ಕಿನ ಕಲೆ ಎರಡನೆಯ ತಿಂಗಳಿಗೇ ಕಂಡಿತು.

ತಂತಿಗೆ ದಾರಿ ಮಾಡುವಾಗ ಉದ್ದದ ಬೈರಿಗೆಯಿಂದ ಕೊರೆದು ನಾಲ್ಕು ತುಂಡು ಹಾಳುಮಾಡಿದೆ. ಬೈರಿಗೆ ಎಳೆಯ ಜಾಡು ಹಿಡಿದು ಹೋಗಿ ಪಕ್ಕೆಯಲ್ಲಿ ಹೊರಬರುತ್ತದೆ. ಈಗ ತುಂಡು ಚೌಕಾಕಾರದಲ್ಲಿರುವಾಗಲೇ ಹೊಟ್ಟೆಯ ಉದ್ದಕ್ಕೂ ಗರಗಸದ ಸೀಳು ಹಾಕುತ್ತೇನೆ, ಆಮೇಲೆ ಆಕಾರ ಕೊಡುತ್ತೇನೆ. ಆಕಾರ ಕೊಟ್ಟ ಮೇಲೆ ಸೀಳು ನೇರ ಹೋಗುತ್ತದೆ ಎಂಬ ಭ್ರಮೆ ಬೇಡ. ಹೊಟ್ಟೆಯ ಕೊಕ್ಕೆಗೆ ತಂತಿಯನ್ನೇ ಕೆಳಗೆ ಬಗ್ಗಿಸುವ ಬದಲು ಗಟ್ಟಿ ಸ್ವಿವೆಲ್ (ಎರಡು ಕಣ್ಣುಗಳ ತಿರುಗುವ ಕೊಂಡಿ) ಒಂದನ್ನು ತಂತಿಗೆ ಪೋಣಿಸಿ, ಅದರ ಒಂದು ಕಣ್ಣು ಹೊರಗೆ ಇಣುಕುವಂತೆ ಕೂರಿಸುತ್ತೇನೆ. ಮೀನು ಹೊರಳಿದರೂ ಕೊಕ್ಕೆ ತಿರುಗಿಕೊಳ್ಳುತ್ತದೆ, ಲೂರ್‌ನ ಉದ್ದವನ್ನೇ ಸನ್ನೆಗೋಲು ಮಾಡಿಕೊಂಡು ಕೊಕ್ಕೆ ಕೀಳಲು ಮೀನಿಗೆ ಆಗುವುದಿಲ್ಲ.

ಸೀಸವನ್ನು ಕೊರೆದು ತುಂಬುವ ಮೊದಲು ರಬ್ಬರ್ ಬ್ಯಾಂಡ್‌ನಿಂದ ಹೊರಗೇ ಕಟ್ಟಿ ತೊಟ್ಟಿಯಲ್ಲಿ ತೇಲಿಸಿ ನೋಡುವುದು ಎಲ್ಲರಿಗೂ ಗೊತ್ತು. ಆದರೆ ನಾನು ದೊಡ್ಡ ಪೆಟ್ಟು ತಿಂದದ್ದು ಇಲ್ಲಿಯೇ. ನಿಧಾನವಾಗಿ ಮುಳುಗುವ ಲೂರ್ ಬೇಕೆಂದು ತೊಟ್ಟಿಯಲ್ಲಿ ಗಂಟೆಗಟ್ಟಲೆ ಹೊಂದಿಸಿದೆ. ಹೂವಿನಂತೆ ಇಳಿಯುತ್ತಿತ್ತು. ಕಡಲಿಗೆ ಹಾಕಿದರೆ ಬೆಂಡಿನಂತೆ ತೇಲಿತು! ಉಪ್ಪುನೀರು ಸಿಹಿನೀರಿಗಿಂತ ಶೇಕಡಾ ಎರಡೂವರೆಯಷ್ಟು ಭಾರ. 125 ಘನ ಸೆಂಟಿಮೀಟರಿನ ಲೂರ್‌ಗೆ ಅದು ಮೂರು ಗ್ರಾಮಿನ ವ್ಯತ್ಯಾಸ, ಮುಳುಗುವುದಕ್ಕೂ ತೇಲುವುದಕ್ಕೂ ನಡುವಿನ ಅಂತರವೇ ಅಷ್ಟು. ಒಂದೇ ದಿನ ಆರು ಲೂರ್‌ಗಳು ಕೆಲಸಕ್ಕೆ ಬಾರದೆ ಹೋದವು. ಈಗ ಲೀಟರಿಗೆ 35 ಗ್ರಾಮಿನಂತೆ ಉಪ್ಪು ಕರಗಿಸಿಕೊಳ್ಳುತ್ತೇನೆ. ನನ್ನ ತೊಟ್ಟಿಗೆ ಒಂದೂವರೆ ಕಿಲೋದಷ್ಟು ಬೇಕಾಗುತ್ತದೆ. ಕೊಕ್ಕೆ, ರಿಂಗ್ ಎಲ್ಲ ತೊಡಿಸಿಯೇ ತೇಲಿಸುತ್ತೇನೆ, ಬಣ್ಣ ಮತ್ತು ಹೊದಿಕೆಗೆಂದು ಹತ್ತು ಹನ್ನೆರಡು ಗ್ರಾಂ ಬಾಕಿ ಇಡುತ್ತೇನೆ.

ಸೀಸವನ್ನು ನಡುವೆ ಒಂದೇ ಕಡೆ ಗುಡ್ಡೆ ಹಾಕಿದರೆ ಲೂರ್ ಚುರುಕಾಗಿ ಹೊರಳುತ್ತದೆ, ಎಸೆಯುವಾಗ ಗಾಳಿಯಲ್ಲಿ ಪಲ್ಟಿ ಹೊಡೆಯುತ್ತದೆ. ಬಾಲಕ್ಕೆ ತಳ್ಳಿದರೆ ಬಾಣದಂತೆ ದೂರ ಹೋಗುತ್ತದೆ, ನೀರಿನಲ್ಲಿ ಸೋಮಾರಿ. ನಾನು ಮೂರು ತುಂಡು ಮಾಡಿ ಹಾಕುತ್ತೇನೆ. ನಿಂತಾಗ ಬಾಲ ಕೆಳಗಾಗಿ, ಮೂತಿ ಮಾತ್ರ ಹೊರಗೆ ಇಣುಕಬೇಕು, ಎಳೆದಾಗ ತಲೆ ಹಾಕಿ ಒಳಗೆ ನುಗ್ಗಬೇಕು. ಯಾವ ತುಂಡು ಎಷ್ಟು ಗ್ರಾಂ, ಎಲ್ಲಿ ಎಂದು ಕೇಳಬೇಡಿ. ಅದಕ್ಕಾಗಿ ಹದಿನಾಲ್ಕು ಲೂರ್ ಒಡೆದಿದ್ದೇನೆ, ನೀವೂ ಒಂದೆರಡು ಒಡೆಯಿರಿ.

ಹೊದಿಕೆಯ ಕಥೆ ಬೇರೆಯೇ. ಒಮ್ಮೆ ಅವಸರಕ್ಕೆ ಸರಿಯಾಗಿ ಒಣಗದ ಮರಕ್ಕೆ ಎಪಾಕ್ಸಿ ಬಳಿದು, ಕಾರಿನ ಗಾಜಿನ ಹಿಂದೆ ಬಿಸಿಲಿನಲ್ಲಿ ಬಿಟ್ಟುಹೋದೆ. ಸಂಜೆಗೆ ಮೈಯೆಲ್ಲ ಬೊಬ್ಬೆ. ಈಗ ತುಂಡುಗಳನ್ನು ವಾರಕ್ಕೊಮ್ಮೆ ತೂಗುತ್ತೇನೆ, ಮೂರು ವಾರ ತೂಕ ಕದಲದಿದ್ದರೆ ಮಾತ್ರ ಕೈ ಹಚ್ಚುತ್ತೇನೆ. ಅಗಸೆ ಎಣ್ಣೆಯಲ್ಲಿ ನೆನೆಸುವ ಹಳೆಯ ಪದ್ಧತಿಯನ್ನೂ ನೋಡಿದೆ. ಎಣ್ಣೆ ಆರಲು ವಾರಗಟ್ಟಲೆ ಬೇಕು, ನನಗೆ ಅಷ್ಟು ತಾಳ್ಮೆ ಎಲ್ಲಿಯದು? ಮೇಲಿನ ಬಣ್ಣ ಸಿಪ್ಪೆಯಂತೆ ಎದ್ದುಬಂತು. ತೆಳುವಾಗಿಸಿದ ಎಪಾಕ್ಸಿಯ ಮೊದಲ ಕೋಟು ಮರಕ್ಕೆ ಇಳಿಯಬೇಕು, ಆಮೇಲೆ ಉಪ್ಪುಕಾಗದ, ಬಣ್ಣ, ಮತ್ತೆ ಎರಡು ದಪ್ಪ ಕೋಟು. ಎಪಾಕ್ಸಿ ಒಂದೇ ಕಡೆ ಇಳಿಯದಂತೆ ಲೂರನ್ನು ತಿರುಗಿಸುತ್ತಿರಲು ನಿಮಿಷಕ್ಕೆ ನಾಲ್ಕೈದು ಸುತ್ತಿನ ಸಣ್ಣ ಮೋಟಾರು ಸಾಕು. ಮಳೆಯ ದಿನ ಎಪಾಕ್ಸಿ ಬಳಿಯಬೇಡಿ, ಮೇಲೆ ಮಂಜು ಕಟ್ಟಿದಂತೆ ಜಿಡ್ಡು ಕೂರುತ್ತದೆ. ನೀರು ಒಳನುಗ್ಗುವುದು ಸಾಮಾನ್ಯವಾಗಿ ತಂತಿ ಹೊರಬರುವ ತೂತಿನಿಂದಲೇ ಆದ್ದರಿಂದ ಅಲ್ಲಿಗೆ ಕಡ್ಡಿಯ ತುದಿಯಿಂದ ಬೇರೆಯಾಗಿ ಒಂದು ಹನಿ ಹಾಕುತ್ತೇನೆ.

ಬಣ್ಣದ ಬಗ್ಗೆ ಒಂದು ಅಡ್ಡಪ್ರಯೋಗ ಮಾಡಿದ್ದೆ. ಒಂದೇ ಮರ, ಒಂದೇ ಸೀಸ, ಎರಡು ಲೂರ್. ಒಂದಕ್ಕೆ ಅಲ್ಯೂಮಿನಿಯಂ ಹಾಳೆ ಅಂಟಿಸಿ, ಬಲೆ ಹೊದಿಸಿ, ಏರ್‌ಬ್ರಷ್‌ನಲ್ಲಿ ಹುರುಪೆ ಮೂಡಿಸಿ, ಎರಡು ಸಂಜೆ ಕಳೆದೆ. ಇನ್ನೊಂದು ಬರೀ ಮರ, ಮೇಲೆ ಪಾರದರ್ಶಕ ಹೊದಿಕೆ, ಎರಡು ಕಣ್ಣು. ಅದಲು ಬದಲು ಮಾಡಿ ಆರು ದಿನ ಎಸೆದೆ. ಬಣ್ಣದ್ದಕ್ಕೆ ಐದು ಕಡಿತ, ಬೋಳು ಮರಕ್ಕೆ ಆರೋ ಏಳೋ. ಆರು ದಿನದ ಲೆಕ್ಕ ಯಾವುದಕ್ಕೂ ಸಾಕ್ಷಿಯಲ್ಲ, ಒಪ್ಪುತ್ತೇನೆ. ಆದರೂ ಅಂದಿನಿಂದ ಏರ್‌ಬ್ರಷ್ ಕಪಾಟಿನಲ್ಲಿದೆ. ಮುರಿದ ಕುರ್ಚಿಯ ಕಾಲಿನಿಂದ ಮಾಡಿದ ಪಾಪ್ಪರ್, ಅಂದರೆ ಬಾಯಿಯಿಂದ ನೀರು ಚಿಮ್ಮಿಸುವ ಲೂರ್, ಕೂಡ ಒಂದಿದೆ. ಬಾಯಿಯ ಬಟ್ಟಲು ಆಳವಾಗಿ, ಒಂದೊಂದು ಎಳೆತಕ್ಕೂ ತೋಳು ಕಿತ್ತುಬರುವಷ್ಟು ನೀರು ಹೊಡೆಯುತ್ತದೆ. ಹತ್ತು ಎಸೆತದ ಮೇಲೆ ಯಾರೂ ಅದನ್ನು ಮುಟ್ಟುವುದಿಲ್ಲ.

ಕೊಕ್ಕೆಯೂ ಸೀಸವೇ ಎಂಬುದನ್ನು ಮರೆತು ಒಂದು ಹಂಗಾಮು ಕಳೆದುಕೊಂಡೆ. ಟ್ರೆಬಲ್‌ಗಳ (ಮೂರು ಮೊನೆಯ ಕೊಕ್ಕೆ) ಬದಲು ಒಂದೇ ಮೊನೆಯ ಸಿಂಗಲ್ ಹಾಕಿದಾಗ ಎಂಟು ಗ್ರಾಂ ಇಳಿಯಿತು, ಚೆನ್ನಾಗಿ ಈಜುತ್ತಿದ್ದ ಲೂರ್ ಕುಡಿದವನಂತೆ ವಾಲಿತು. ಈಗ ಯಾವ ಕೊಕ್ಕೆ ಎಂದು ಮೊದಲೇ ತೀರ್ಮಾನಿಸಿ ಅದಕ್ಕೆ ತಕ್ಕಂತೆ ಸೀಸ ಹಾಕುತ್ತೇನೆ. ಹೊಟ್ಟೆಗೆ ಟ್ರೆಬಲ್, ಬಾಲಕ್ಕೆ ಮೊನೆ ಮೇಲಾಗಿ ನಿಲ್ಲುವ ಸಿಂಗಲ್, ಎರಡರ ಮೊನೆಯ ಹಿಂದಿನ ಹಿಮ್ಮುಳ್ಳನ್ನೂ ಇಕ್ಕಳದಿಂದ ಒತ್ತಿಬಿಡುತ್ತೇನೆ. ಮೀನನ್ನು ಬಿಡುವುದೂ ಸುಲಭ, ಅದಕ್ಕಿಂತ ನನ್ನ ಬೆರಳಿನಿಂದ ಕೊಕ್ಕೆ ತೆಗೆಯುವುದು ಸುಲಭ. ಲೀಡರನ್ನು (ದಾರದ ತುದಿಯ ಗಟ್ಟಿ ತುಂಡು) ಎಂದೂ ಸ್ಪ್ಲಿಟ್ ರಿಂಗಿಗೆ (ಕೀಲಿಕೈ ಬಳೆಯಂತೆ ಸುತ್ತಿದ ರಿಂಗ್) ನೇರವಾಗಿ ಕಟ್ಟಬೇಡಿ, ಗಂಟು ಅದರ ಸಂದಿಗೆ ಜಾರಿ ಕತ್ತರಿಸಿಹೋಗುತ್ತದೆ. ನಡುವೆ ಬೆಸುಗೆಯಿಲ್ಲದ ಗಟ್ಟಿ ರಿಂಗ್ ಇರಲಿ. ಹರಿತ ಹಲ್ಲಿನ ಅಂಜಲ್ ಮೀನು ಓಡಾಡುವ ಜಾಗವಾದರೆ ಒಂದು ಗೇಣು ಉಕ್ಕಿನ ತಂತಿ ಅನಿವಾರ್ಯ. ಮೂತಿ ಭಾರವಾಗಿ ಆಟ ಕೆಡುತ್ತದೆ, ಆದರೆ ಲೂರ್ ಉಳಿಯುತ್ತದೆ.

ಇನ್ನು ದುಡ್ಡು. ಮರದ ಖರ್ಚು ಖರ್ಚೇ ಅಲ್ಲ. ಅಂಗಡಿಯ ಒಂದು ಒಳ್ಳೆಯ ಲೂರ್ ಕೊಳ್ಳುವ ಹಣದಲ್ಲಿ ನನ್ನ ನಾಲ್ಕು ಲೂರ್‌ಗಳ ಸಾಮಗ್ರಿ ಬರುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕೊಕ್ಕೆ ಮತ್ತು ರಿಂಗಿಗೇ. ಅಲ್ಲಿ ಉಳಿಸಲು ಹೋಗಿ ಅಗ್ಗದ ರಿಂಗ್ ಹಾಕಿದ ದಿನವೇ ಎರಡು ಟ್ಯೂನಾ ಕಳೆದುಕೊಂಡೆ. ಏರ್‌ಬ್ರಷ್ ಮತ್ತು ಕಂಪ್ರೆಸರಿಗೆ ಏಳು ಲೂರ್‌ಗಳ ಹಣ ಹೋಯಿತು, ಅದನ್ನು ನೀರಿಗೆ ಹಾಕಿದಂತೆಯೇ ಎಂದು ಬರೆದುಕೊಂಡಿದ್ದೇನೆ. ಒಂದು ಲೂರ್‌ಗೆ ಹತ್ತು ಗಂಟೆಯ ಕೈಕೆಲಸವಿದೆ. ಗೆಳೆಯರಿಗೆ ಐದಾರು ಮಾರಿದೆ. ಗಂಟೆಯ ಲೆಕ್ಕ ಹಾಕಿದ ದಿನ ಮಾರುವುದನ್ನು ನಿಲ್ಲಿಸಿದೆ.

ಲಟ್ಟಣಿಗೆ ಎಂದಿದ್ದ ಹಿರಿಯರು ಕಳೆದ ಹಂಗಾಮಿನಲ್ಲಿ ನನ್ನ ಪೆಟ್ಟಿಗೆಯಿಂದ ಒಂದನ್ನು ಎರವಲು ಪಡೆದರು, ಇನ್ನೂ ಹಿಂದಿರುಗಿಸಿಲ್ಲ. ಅದರ ಬದಲಿಗೆ ಕೆತ್ತುತ್ತಿರುವುದು ಈಗ ವೈಸ್‌ನಲ್ಲಿ ಕುಳಿತಿದೆ. 16 ಸೆಂಟಿಮೀಟರ್, ಪೌಲೋನಿಯಾ. ಉದ್ದ ಕಡಿಮೆ ಮಾಡಿದ್ದರಿಂದ ಹೊಟ್ಟೆಯ ಕೊಕ್ಕೆ ಮೂರು ಎಸೆತಕ್ಕೊಮ್ಮೆ ಬಾಲದ ಕೊಕ್ಕೆಗೆ ಸಿಕ್ಕಿಕೊಳ್ಳುತ್ತಿದೆ. ಸ್ವಿವೆಲ್ಲನ್ನು ಒಂದು ಸೆಂಟಿಮೀಟರ್ ಮುಂದೆ ಸರಿಸಿದರೆ ನಡುವಿನ ಸೀಸಕ್ಕೆ ಜಾಗ ಸಾಲುವುದಿಲ್ಲ.