ಇಂಪ್ಲಾಂಟ್ ಕ್ಯಾಪ್: ಒಸಡಿನೊಳಗಿನ ಆಕಾರಕ್ಕೆ ನಾನು ಯಾಕೆ ಇಷ್ಟು ಒತ್ತು ಕೊಡುತ್ತೇನೆ

ಇಂಪ್ಲಾಂಟ್ (ಹಲ್ಲಿನ ಬೇರಿನ ಬದಲು ಮೂಳೆಯಲ್ಲಿ ಕೂರಿಸುವ ಸ್ಕ್ರೂ) ಹಾಕಿಸಿಕೊಂಡವರು ಕನ್ನಡಿಯಲ್ಲಿ ನೋಡುವುದು ಒಸಡಿನ ಮೇಲಿರುವ ಕ್ಯಾಪ್ ಮಾತ್ರ. ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುವುದು ಒಸಡಿನೊಳಗಿರುವ ಅದರ ಕತ್ತಿನ ಬಗ್ಗೆ.

ದವಡೆ ಹಲ್ಲಿನ ಜಾಗದಲ್ಲಿ ಇಂಪ್ಲಾಂಟ್ ಅಗಲ ಸುಮಾರು 4ರಿಂದ 5 ಮಿ.ಮೀ. ಮೇಲೆ ಕೂರುವ ಹಲ್ಲು ಸುಮಾರು 10 ಮಿ.ಮೀ. ಕ್ಯಾಪ್ ಬುಡದಿಂದ ಮೇಲಕ್ಕೆ ನಿಧಾನವಾಗಿ ಅಗಲವಾದರೆ ಒಸಡು ಚೆನ್ನಾಗಿ ಕೂರುತ್ತದೆ. ಕೊಡೆಯಂತೆ ಒಮ್ಮೆಲೇ ಅರಳಿದರೆ ಅದರಡಿ ಬ್ರಷ್ ಹೋಗುವುದೇ ಇಲ್ಲ. ಸ್ವಂತ ಹಲ್ಲಿನ ಬೇರಿಗೆ ಒಸಡಿನ ನಾರುಗಳು ಗಟ್ಟಿಯಾಗಿ ನಾಟಿಕೊಂಡಿರುತ್ತವೆ. ಇಂಪ್ಲಾಂಟ್‌ಗೆ ಆ ಹಿಡಿತ ಇಲ್ಲ. ಹಾಗಾಗಿ ಅಲ್ಲಿ ಪ್ಲಾಕ್ (ಬ್ಯಾಕ್ಟೀರಿಯಾ ತುಂಬಿದ ಅಂಟು ಪದರ) ಕೂತರೆ ಮೂಳೆಗೂ ಅಪಾಯ. ಇಂಪ್ಲಾಂಟ್‌ನ ನೇರಕ್ಕೆ ಹೋಲಿಸಿದರೆ ಕ್ಯಾಪ್ ಹೊರಕ್ಕೆ ಅರಳುವ ಕೋನ 30 ಡಿಗ್ರಿ ದಾಟಿ, ಆಕಾರವೂ ಉಬ್ಬಿದ್ದರೆ ಇಂಪ್ಲಾಂಟ್ ಸುತ್ತ ಸೋಂಕು ಜಾಸ್ತಿ ಕಂಡುಬಂದಿದೆ ಎಂದು 2018ರ ಒಂದು ಅಧ್ಯಯನ ತೋರಿಸಿತು. ಆಮೇಲೆ ಎಕ್ಸ್‌ರೇ ನೋಡುವಾಗ ಆ ಕೋನವನ್ನು ಅಳೆಯದೆ ಬಿಡುವುದಿಲ್ಲ.

ಕೆಲಸ ಶುರುವಾಗುವುದು ಇಂಪ್ಲಾಂಟ್ ಎಷ್ಟು ಆಳ ಹೋಗಬೇಕು ಎಂಬಲ್ಲಿಂದ. ಒಸಡಿನ ಅಂಚು ಬರಬೇಕಾದ ಜಾಗದಿಂದ 3–4 ಮಿ.ಮೀ. ಕೆಳಗೆ ಇರಲಿ ಎಂದು ಸರ್ಜನ್‌ಗೆ ಮೊದಲೇ ಹೇಳುತ್ತೇನೆ. ಅದಕ್ಕಿಂತ ಮೇಲಿದ್ದರೆ ಕ್ಯಾಪ್ ತಯಾರಿಸುವ ಲ್ಯಾಬ್‌ನವರು ಎಷ್ಟೇ ಜಾಣರಾದರೂ ಕ್ಯಾಪ್ ಒಮ್ಮೆಲೇ ಅರಳಲೇಬೇಕಾಗುತ್ತದೆ.

ಮುಂದಿನ ಹಲ್ಲಾದರೆ ಮೊದಲು ಸ್ಕ್ರೂ ಇರುವ ತಾತ್ಕಾಲಿಕ ಕ್ಯಾಪ್. ಅದರ ಕತ್ತಿಗೆ ಸ್ವಲ್ಪ ಸ್ವಲ್ಪವೇ ಕಾಂಪೋಸಿಟ್ (ಹಲ್ಲಿನ ಬಣ್ಣದ ಫಿಲ್ಲಿಂಗ್ ವಸ್ತು) ಸೇರಿಸಿ ಒಸಡನ್ನು ತಳ್ಳುತ್ತೇನೆ. ಒತ್ತಡಕ್ಕೆ ಒಸಡು ಬಿಳಿಚುತ್ತದೆ. ಹತ್ತು ಹದಿನೈದು ನಿಮಿಷದಲ್ಲಿ ಬಣ್ಣ ಮರಳದಿದ್ದರೆ ಕ್ಯಾಪ್ ತೆಗೆದು ಅದರ ಕತ್ತನ್ನು ಉಜ್ಜಿ ತೆಳುವಾಗಿಸುತ್ತೇನೆ. ಒಸಡು ಹದಕ್ಕೆ ಬಂದ ಮೇಲೆ ಅದೇ ಆಕಾರದ ನಕಲು ಮಾಡಿ ಲ್ಯಾಬ್‌ಗೆ ಕಳಿಸುತ್ತೇನೆ. ಸುಮ್ನೆ ಅಳತೆ ತೆಗೆದರೆ ಸಾಲದು, ತಾತ್ಕಾಲಿಕ ಕ್ಯಾಪ್ ಬಿಚ್ಚಿದ ಕೂಡಲೇ ಒಸಡು ಕುಸಿಯಲು ಶುರುವಾಗುತ್ತದೆ.

ಬೇರೆ ಕಡೆ ಕ್ಯಾಪ್ ಹಾಕಿಸಿಕೊಂಡಿದ್ದ ಒಬ್ಬ ಟೀಚರ್ ಬಂದಿದ್ದರು. "ಡಾಕ್ಟ್ರೇ, ದಿನಾ ಎರಡು ಸಲ ಉಜ್ಜುತ್ತೇನೆ, ಆದ್ರೂ ರಕ್ತ ಬರುತ್ತೆ" ಎಂದರು. ಉಳಿದ ಹಲ್ಲುಗಳೆಲ್ಲ ಸ್ವಚ್ಛವಾಗಿದ್ದವು. ಅವರ ಕೈಗೇ ಸಣ್ಣ ಬ್ರಷ್ ಕೊಟ್ಟೆ, ಕ್ಯಾಪಿನಡಿ ಅದು ತೂರಲಿಲ್ಲ. ಪುಣ್ಯಕ್ಕೆ ಅದು ಸ್ಕ್ರೂ ಕ್ಯಾಪ್. ಬಿಚ್ಚಿ, ಸ್ವಚ್ಛ ಮಾಡಿ, ಉಬ್ಬನ್ನು ತೆಳುವಾಗಿಸಿ, ಲ್ಯಾಬ್‌ನಲ್ಲಿ ನುಣುಪಾಗಿಸಿ ಮತ್ತೆ ಕೂರಿಸಿದೆ. ಊಟ ಸ್ವಲ್ಪ ಜಾಸ್ತಿ ಸಿಕ್ಕಿಕೊಳ್ಳಬಹುದು ಎಂದು ಮೊದಲೇ ಹೇಳಿದ್ದೆ. ಹಾಗೇ ಆಯಿತು. ಆದರೆ ಈಗ ಅದನ್ನು ತೆಗೆಯಲು ಬ್ರಷ್ ಒಳಗೆ ಹೋಗುತ್ತದೆ, ರಕ್ತ ಬರುವುದೂ ನಿಂತಿದೆ.