ಗುಳ್ಳೆ ನಿಂತ ಮಾತ್ರಕ್ಕೆ ಬಿಯರ್ ಆಗಿಲ್ಲ

ಹೋದ ತಿಂಗಳು ಒಂದು ರಾತ್ರಿ ಊಟಕ್ಕೆ ಕೂತಿದ್ದೆ. ಚಿಕ್ಕಪ್ಪನ ಮಗ ವಿಡಿಯೋ ಕಾಲ್ ಮಾಡಿದ. ಅವನು ಇಂಗ್ಲೆಂಡಿನಲ್ಲಿ ನರ್ಸ್. ನಾನು ಏಳು ವರ್ಷ ಕೆಲಸ ಮಾಡಿದ ಊರಿನಲ್ಲೇ ಇದ್ದಾನೆ. ನಾನು ಬಿಟ್ಟು ಬಂದ ಬಿಯರ್ ಮಾಡುವ ಬಕೆಟ್, ಪೈಪು, ಬಾಟ್ಲಿ ಎಲ್ಲ ಈಗ ಅವನದು. ಫೋನನ್ನು ಬಕೆಟ್ಟಿನ ಮುಚ್ಚಳದ ಹತ್ತಿರ ಹಿಡಿದು, "ಅಣ್ಣ, ನೋಡು, ಎರಡು ದಿನದಿಂದ ಒಂದು ಗುಳ್ಳೆಯೂ ಇಲ್ಲ. ನಾಳೆ ನನಗೆ ರಜೆ. ಬಾಟ್ಲಿಗೆ ತುಂಬಿಸ್ಲಾ?" ಅಂತ ಕೇಳಿದ.

"ರೀಡಿಂಗ್ ಎಷ್ಟುಂಟು?"

"ತೆಗೆದಿಲ್ಲ."

"ಹಾಗಾದ್ರೆ ಮುಟ್ಟಬೇಡ."

ಅವನಿಗೆ ಬೇಜಾರಾಯ್ತು ಅಂತ ಕಾಣುತ್ತದೆ. ಆದರೂ ಒಳಗೆ ಸಕ್ಕರೆ ಎಷ್ಟು ಉಳಿದಿದೆ ಅಂತ ಅಳೆಯದೆ, ಅಂದರೆ ರೀಡಿಂಗ್ ತೆಗೆಯದೆ, ಬಾಟ್ಲಿಗೆ ತುಂಬಿಸುವ ಈ ಒಂದು ವಿಷಯದಲ್ಲಿ ನಾನು ಸಡಿಲ ಬಿಡುವುದಿಲ್ಲ. ಯಾಕೆ ಅಂತ ಬರೆಯುತ್ತೇನೆ. ನಮ್ಮ ಕಡೆಯ ಹುಡುಗರು ಹುಡುಗಿಯರು ಬ್ರಿಟನ್ನು, ಐರ್ಲೆಂಡು, ನ್ಯೂಜಿಲೆಂಡು ಅಂತ ಎಷ್ಟೋ ಜನ ಇದ್ದಾರೆ. ಅವರಲ್ಲಿ ಯಾರಿಗಾದರೂ ಉಪಯೋಗಕ್ಕೆ ಬರಬಹುದು.

ಮೊದಲೇ ಹೇಳಿಬಿಡುತ್ತೇನೆ. ನಾನು ಈಗ ಇರುವುದು ಮಂಜೇಶ್ವರದ ಕಡೆ, ನಮ್ಮ ಹಳೇ ಮನೆಯಲ್ಲಿ. ಕೇರಳದಲ್ಲಿ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವುದು ಅಬ್ಕಾರಿ ಕಾಯ್ದೆಯ ಪ್ರಕಾರ ಅಪರಾಧ. ಇಲ್ಲಿ ನಾನು ಮಾಡುವುದಿಲ್ಲ, ನೀವೂ ಮಾಡಬೇಡಿ. ಬ್ರಿಟನ್ನಿನಲ್ಲಿ 1963ರಿಂದ ಮನೆ ಬಳಕೆಗೆ ಲೈಸೆನ್ಸ್ ಬೇಕಿಲ್ಲ. ಮಾರುವ ಹಾಗಿಲ್ಲ, ಅಷ್ಟೇ. ನಾನು ಮಾಡಿದ್ದೆಲ್ಲ ಅಲ್ಲಿ.

ಆದರೆ ಹುದುಗು ಬರುವುದನ್ನು ನಾನು ಮೊದಲು ನೋಡಿದ್ದು ಇದೇ ಊರಿನಲ್ಲಿ. ನನ್ನ ಅಜ್ಜ ಮೂರ್ತೆ ಕೆಲಸದವರು. ಬೆಳಗ್ಗೆ ತೆಂಗಿನ ಮರದಿಂದ ಕಳ್ಳು ಇಳಿಸಿ ತಂದಾಗ ಸೋರೆಬುರುಡೆಗೆ ಕಿವಿ ಕೊಡು ಅಂತ ನನಗೆ ಹೇಳುತ್ತಿದ್ದರು. ಒಳಗೆ ಸಣ್ಣಗೆ ಸುರ್ರ್ ಅನ್ನುವ ಸದ್ದು. ಮಳೆ ನಿಂತ ಮೇಲೆ ಒಣ ಎಲೆಗಳ ಮೇಲೆ ಹನಿ ಬಿದ್ದ ಹಾಗೆ. ಸುಣ್ಣ ಬಳಿದ ಮಡಕೆಯಲ್ಲಿ ಆ ಸದ್ದು ಇರುವುದಿಲ್ಲ. ಸುಣ್ಣ ಹುದುಗನ್ನು ತಡೆಯುತ್ತದೆ, ಅದಕ್ಕೇ ಅದು ಸಿಹಿಯಾಗಿಯೇ ಉಳಿಯುತ್ತದೆ. ಸುಣ್ಣ ಇಲ್ಲದ್ದು ಮರದ ಮೇಲೆ ಇರುವಾಗಲೇ ಹುದುಗಲು ಶುರು. ಮಧ್ಯಾಹ್ನಕ್ಕೆ ಖಾರ, ಮರುದಿನಕ್ಕೆ ಹುಳಿ, ಹಾಗೇ ಬಿಟ್ಟರೆ ವಿನೆಗರ್. ಕಳ್ಳಿನಲ್ಲಿ ಎಲ್ಲ ಗಂಟೆಗಳ ಲೆಕ್ಕ. ಬಿಯರಿನಲ್ಲಿ ಅದೇ ಕೆಲಸಕ್ಕೆ ವಾರಗಳು ಬೇಕು. ನನಗೆ ಇದು ಅರ್ಥ ಆಗಲು ಒಂದು ದೊಡ್ಡ ಪೆಟ್ಟು ಬೀಳಬೇಕಾಯಿತು.

ನನ್ನ ಮೊದಲ ಬಿಯರ್ ಅಂಗಡಿಯ ಕಿಟ್ಟಿನದ್ದು. ಹಾಪ್ಸ್ ಅನ್ನುವ ಕಹಿ ಹೂವು ಸೇರಿಸಿದ ಮಾಲ್ಟ್ (ಮೊಳಕೆ ಬರಿಸಿದ ಬಾರ್ಲಿ) ಪಾಕದ 1.7 ಕಿಲೋ ಡಬ್ಬಿ, ಒಂದು ಕಿಲೋ ಸಕ್ಕರೆ, ಒಂದು ಸಣ್ಣ ಪ್ಯಾಕೆಟ್ ಯೀಸ್ಟ್. ನೀರು ಸೇರಿಸಿ 23 ಲೀಟರ್. ಡಿಸೆಂಬರ್ ತಿಂಗಳು. ಎರಡನೇ ದಿನ ನೊರೆ ಎದ್ದಿತು. ಏರ್‌ಲಾಕ್, ಅಂದರೆ ಒಳಗಿನ ಗ್ಯಾಸನ್ನು ಹೊರಗೆ ಬಿಡುವ ಮುಚ್ಚಳದ ಮೇಲಿನ ನೀರಿನ ಕೊಳವೆ, ಬುಳಕ್ ಬುಳಕ್ ಅಂತ ರಾತ್ರಿಯಿಡೀ ಮಾತಾಡಿತು. ನಾಲ್ಕನೇ ದಿನ ನೊರೆ ಕೂತಿತು. ಏಳನೇ ದಿನ ಗುಳ್ಳೆ ಪೂರ್ತಿ ನಿಂತಿತು. ಕಿಟ್ಟಿನ ಚೀಟಿಯಲ್ಲೂ ಒಂದು ವಾರ ಅಂತಲೇ ಇತ್ತು. ಸರಿ, ಆಯ್ತಲ್ಲ ಅಂತ ಬಾಟ್ಲಿಗೆ ತುಂಬಿಸಿ, ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ಇಟ್ಟೆ.

ಆ ಮನೆಯಲ್ಲಿ ಹೀಟರ್ ಓಡುತ್ತಿದ್ದುದು ಬೆಳಗ್ಗೆ ಎರಡು ಗಂಟೆ, ಸಂಜೆ ಮೂರು ಗಂಟೆ ಮಾತ್ರ. ರಾತ್ರಿ ಆ ಮೂಲೆಯಲ್ಲಿ 14 ಡಿಗ್ರಿಗೆ ಇಳಿಯುತ್ತಿತ್ತು. ಅದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

ಮೇ ತಿಂಗಳಲ್ಲಿ ಅಲ್ಲಿಗೂ ಸ್ವಲ್ಪ ಸೆಕೆ ಬಂತು. ಒಂದು ದಿನ ನೈಟ್ ಡ್ಯೂಟಿ ಮುಗಿಸಿ ಮಲಗಿದ್ದೆ. ಕೆಳಗೆ ಢಂ ಅಂತ ಸದ್ದು. ಸ್ವಲ್ಪ ಹೊತ್ತಿಗೆ ಇನ್ನೊಂದು, ಮತ್ತೊಂದು. ಇಳಿದು ನೋಡಿದರೆ ಕಪಾಟಿನ ಬಾಗಿಲಿನಡಿ ಬಿಯರ್ ಹರಿಯುತ್ತಿದೆ. ಬಾಗಿಲಿನ ಒಳಮೈಯಲ್ಲಿ ಬೆರಳುದ್ದದ ಗಾಜಿನ ಚೂರು ನೆಟ್ಟು ನಿಂತಿತ್ತು. ನನ್ನ ಎದೆಯ ಎತ್ತರಕ್ಕೆ. ಗಾಜು ಕಣ್ಣಿಗೆ ಹೋದವರನ್ನು ನಾನು ವಾರ್ಡಿನಲ್ಲಿ ನೋಡಿದ್ದೇನೆ. ಆ ಚೂರನ್ನು ನೋಡಿ ಕೈ ನಡುಗಿತು. ಉಳಿದ ಬಾಟ್ಲಿಗಳನ್ನು ದಪ್ಪ ಜಾಕೆಟ್ಟು, ಕೈಗವಸು, ಕನ್ನಡಕ ಹಾಕಿಕೊಂಡು, ಒಂದೊಂದನ್ನೂ ಟವೆಲ್ಲಿನಲ್ಲಿ ಸುತ್ತಿ ಹೊರಗೆ ತಂದು ಖಾಲಿ ಮಾಡಿದೆ.

ಅವತ್ತೇ ಊರಿಗೆ ಫೋನ್ ಮಾಡಿ ಅಜ್ಜನಿಗೆ ಹೇಳಿದೆ. ಅವರು ಬಿಯರ್ ಮಾಡಿದವರಲ್ಲ. ಕೇಳಿದ್ದು ಒಂದೇ ಪ್ರಶ್ನೆ: "ನೀನು ಅದನ್ನು ಇಟ್ಟ ಜಾಗ ಬೆಚ್ಚಗಿತ್ತಾ?"

"ಇಲ್ಲ ಅಜ್ಜ, ಚಳಿ."

"ಹಾಗಾದ್ರೆ ಅದು ಮುಗಿದದ್ದಲ್ಲ. ಮಲಗಿದ್ದು. ಆಟಿ ತಿಂಗಳ ಮಳೆಗೆ ಕಳ್ಳೂ ಹಾಗೆಯೇ, ಬೇಗ ಏಳುವುದಿಲ್ಲ."

ನಾವು ಮಾತಾಡಿದ್ದು ತುಳುವಿನಲ್ಲಿ. ಆದರೆ 'ಮಲಗಿದ್ದು' ಅನ್ನುವ ಆ ಮಾತು ಮಾತ್ರ ನನ್ನ ತಲೆಯಲ್ಲಿ ಹಾಗೇ ಕೂತಿದೆ.

ಈಗ ವಿಷಯಕ್ಕೆ ಬರುತ್ತೇನೆ. ಏರ್‌ಲಾಕಿನ ಗುಳ್ಳೆ ಹೇಳುವುದು ಇಷ್ಟೇ: ಬಕೆಟ್ಟಿನ ಒಳಗಿನ ಗಾಳಿ ಈ ದಾರಿಯಲ್ಲಿ ಹೊರಗೆ ಬರುತ್ತಿದೆ. ಮುಚ್ಚಳ ಒಂದು ಕಡೆ ಸರಿಯಾಗಿ ಕೂರದಿದ್ದರೆ ಗ್ಯಾಸು ಅಲ್ಲಿಂದ ಹೋಗುತ್ತದೆ, ಒಳಗೆ ಯೀಸ್ಟ್ ಜೋರಾಗಿ ಕೆಲಸ ಮಾಡುತ್ತಿದ್ದರೂ ಒಂದು ಗುಳ್ಳೆ ಕಾಣುವುದಿಲ್ಲ. ಉಲ್ಟಾವೂ ಆಗುತ್ತದೆ. ಹುದುಗು ಮುಗಿದು ವಾರವಾದ ಬಕೆಟ್ಟಿಗೆ ಬಿಸಿಲು ಬಿದ್ದರೆ ಬಿಯರಿನಲ್ಲಿ ಕರಗಿದ್ದ ಗ್ಯಾಸು ಎದ್ದು ಬಂದು ಮತ್ತೆ ಬುಳಕ್ ಅನ್ನುತ್ತದೆ. ಅದಕ್ಕೇ ಗುಳ್ಳೆಯನ್ನು ಎಣಿಸಿ ನಿರ್ಧಾರ ಮಾಡಬೇಡಿ. ಶುರುವಾಗಿದೆಯಾ ಅಂತ ತಿಳಿಯಲು ಅದು ಸಾಕು. ಮುಗಿದಿದೆಯಾ ಅಂತ ತಿಳಿಯಲು ಹೈಡ್ರೋಮೀಟರೇ ಬೇಕು.

ಹೈಡ್ರೋಮೀಟರ್ ಅಂದರೆ ಹೆದರಬೇಡಿ. ನಮ್ಮ ಊರಿನಲ್ಲಿ ಹಾಲಿನ ಸೊಸೈಟಿಗೆ ಹಾಲು ಹಾಕಿದ ಎಲ್ಲರೂ ಅದರ ಅಣ್ಣನನ್ನು ನೋಡಿದ್ದಾರೆ. ಲ್ಯಾಕ್ಟೋಮೀಟರ್! ಅಮ್ಮ ಬೆಳಗ್ಗೆ ಕ್ಯಾನ್ ಹಿಡಿದು ಹೋದಾಗ ನಾನೂ ಹಿಂದೆ ಹೋಗುತ್ತಿದ್ದೆ. ಸೊಸೈಟಿಯವರು ಆ ಗಾಜಿನ ಕಡ್ಡಿಯನ್ನು ಹಾಲಿಗೆ ಇಳಿಬಿಡುತ್ತಿದ್ದರು. ಒಳ್ಳೆ ಹಾಲಾದರೆ 28, 30ರ ಹತ್ತಿರ ನಿಲ್ಲುತ್ತದೆ, ಅಂದರೆ 1.028, 1.030. ನೀರು ಬೆರೆಸಿದ್ದರೆ ಕಡ್ಡಿ ಮುಳುಗುತ್ತದೆ. ಇದೂ ಅದೇ ಲೆಕ್ಕ. ಬರೀ ನೀರಿನಲ್ಲಿ 1.000. ಸಿಹಿ ಜಾಸ್ತಿ ಇದ್ದರೆ ಕಡ್ಡಿ ಮೇಲೆ ತೇಲುತ್ತದೆ. ಯೀಸ್ಟ್ ಸಕ್ಕರೆ ತಿಂದ ಹಾಗೆ ಕಡ್ಡಿ ದಿನದಿಂದ ದಿನಕ್ಕೆ ಕೆಳಗೆ ಇಳಿಯುತ್ತದೆ. ಇಳಿಯುವುದು ನಿಂತಿದೆಯಾ ಅನ್ನುವುದೇ ನಮ್ಮ ಪ್ರಶ್ನೆ.

ನಾನು ರೀಡಿಂಗ್ ತೆಗೆಯುವುದು ಹೀಗೆ. ಬಕೆಟ್ಟಿನ ನಲ್ಲಿಯನ್ನು ಮೊದಲು ಸ್ಯಾನಿಟೈಸರಿನಿಂದ ಒರೆಸಿ, ಉದ್ದನೆಯ ಕೊಳವೆಗೆ ಸುಮಾರು 100 ಮಿಲಿ ಹಿಡಿಯುತ್ತೇನೆ. ಅದನ್ನು ಎರಡು ಲೋಟದಲ್ಲಿ ಅತ್ತಿಂದಿತ್ತ ಸುರಿಯುತ್ತೇನೆ, ನಮ್ಮಲ್ಲಿ ಚಹಾ ಆರಿಸುವ ಹಾಗೆ. ಗ್ಯಾಸು ಹೋಗಬೇಕು. ಇಲ್ಲದಿದ್ದರೆ ಸಣ್ಣ ಸಣ್ಣ ಗುಳ್ಳೆಗಳು ಕಡ್ಡಿಯ ಹೊಟ್ಟೆಗೆ ಅಂಟಿಕೊಂಡು ಅದನ್ನು ಮೇಲೆ ಎತ್ತುತ್ತವೆ, ಎರಡು ಮೂರು ಗೆರೆ (ಒಂದು ಗೆರೆ ಅಂದರೆ 0.001) ಜಾಸ್ತಿ ತೋರಿಸುತ್ತದೆ. ಆಮೇಲೆ ಕಡ್ಡಿಯನ್ನು ಇಳಿಸಿ, ತಲೆ ಹಿಡಿದು ಬುಗುರಿ ಹಾಗೆ ಒಮ್ಮೆ ತಿರುಗಿಸುತ್ತೇನೆ. ತಿರುಗಿ ತಿರುಗಿ ನಿಂತ ಮೇಲೆ ಕಣ್ಣನ್ನು ದ್ರವದ ಮಟ್ಟಕ್ಕೆ ತಂದು ಓದುತ್ತೇನೆ. ಅಂಚಿನಲ್ಲಿ ದ್ರವ ಕಡ್ಡಿಗೆ ಸ್ವಲ್ಪ ಹತ್ತಿರುತ್ತದೆ. ಅದನ್ನಲ್ಲ, ಕೆಳಗಿನ ಸಪಾಟು ಮಟ್ಟವನ್ನು ಓದಬೇಕು. ನನ್ನ ಕಡ್ಡಿ 20 ಡಿಗ್ರಿಗೆ ಹೊಂದಿಸಿದ್ದು. ಬೇರೆ ಬೇರೆ ಬಿಸಿಯಲ್ಲಿ ತೆಗೆದ ಎರಡು ರೀಡಿಂಗನ್ನು ಹೋಲಿಸಿದರೆ ಮೋಸ ಹೋಗುತ್ತೀರಿ.

ಓದಿದ ಮೇಲೆ ಆ ಬಿಯರನ್ನು ವಾಪಸು ಬಕೆಟ್ಟಿಗೆ ಸುರಿಯಬೇಡಿ, ಹೊರಗಿನ ಹುಳಿ ಒಳಗೆ ಹೋಗುತ್ತದೆ. ಕುಡಿದು ನೋಡಿ. ಆ ಒಂದು ಗುಟುಕು ತುಂಬ ಹೇಳುತ್ತದೆ.

ಎಷ್ಟಕ್ಕೆ ನಿಲ್ಲಬೇಕು? ಮಾಲ್ಟಿನ ಸಕ್ಕರೆಯನ್ನು ಯೀಸ್ಟ್ ಪೂರ್ತಿ ತಿನ್ನುವುದಿಲ್ಲ. ಸಾಮಾನ್ಯ ಏಲ್ (ಬೆಚ್ಚಗೆ ಹುದುಗುವ ಬಿಯರ್) ಯೀಸ್ಟಿಗೆ ನಾನು ಕಾಲು ಭಾಗದ ಲೆಕ್ಕ ಹಿಡಿಯುತ್ತೇನೆ. ಶುರುವಿನಲ್ಲಿ 1.048 ಇದ್ದರೆ 48ರ ಕಾಲು 12, ಹಾಗಾಗಿ 1.012ರ ಆಸುಪಾಸಿಗೆ ಬರಬೇಕು. ಮಾಲ್ಟಿನ ಜೊತೆ ಮನೆ ಸಕ್ಕರೆ ಹಾಕಿದ್ದರೆ ಇನ್ನೂ ಕೆಳಗೆ ಹೋಗುತ್ತದೆ, ಯಾಕಂದರೆ ಅದನ್ನು ಯೀಸ್ಟ್ ಉಳಿಸುವುದೇ ಇಲ್ಲ. ಇದು ಅಂದಾಜು ಮಾತ್ರ. ಯೀಸ್ಟಿನ ಜಾತಿ, ಮಾಲ್ಟ್ ತಯಾರಾದ ರೀತಿ ನೋಡಿಕೊಂಡು ಮೂರು ನಾಲ್ಕು ಗೆರೆ ಆಚೀಚೆ ಆಗುತ್ತದೆ. ಸೇಸನ್ ಅನ್ನುವ ಬೆಲ್ಜಿಯಂ ಕಡೆಯ ಬಿಯರಿನ ಕೆಲವು ಯೀಸ್ಟುಗಳು ಬೇರೆಯವು ಮುಟ್ಟದ ಸಕ್ಕರೆಯನ್ನೂ ನಿಧಾನಕ್ಕೆ ಒಡೆದು ತಿನ್ನುತ್ತವೆ. ಅಂಥದ್ದಕ್ಕೆ ಇನ್ನೂ ಎರಡು ವಾರ ಜಾಸ್ತಿ ಕೊಡಿ.

ಈಗ ಮುಖ್ಯ ಮಾತು. ಒಂದು ರೀಡಿಂಗ್ ಏನೂ ಹೇಳುವುದಿಲ್ಲ. ಅಂದಾಜಿಗೆ ಹತ್ತಿರ ಬಂದ ಮೇಲೆ ಎರಡೆರಡು ದಿನ ಬಿಟ್ಟು ಮೂರು ಸಲ ತೆಗೆಯಬೇಕು. ಮೂರೂ ಒಂದೇ ಬಂದರೆ ಮಾತ್ರ ನಾನು ಬಾಟ್ಲಿಗೆ ಕೈ ಹಾಕುತ್ತೇನೆ. ಆ ಮೂರು ಸಲವೂ ಬಕೆಟ್ ಬೆಚ್ಚಗೆ, 18ರಿಂದ 22 ಡಿಗ್ರಿಯಲ್ಲಿ ಇರಬೇಕು. ಚಳಿಯಲ್ಲಿ ಮಲಗಿದ ಯೀಸ್ಟ್ ಮೂರು ದಿನ ಏನು, ಮೂವತ್ತು ದಿನವೂ ಒಂದೇ ರೀಡಿಂಗ್ ಕೊಡುತ್ತದೆ. ಅಜ್ಜ ಮೊದಲು ಬೆಚ್ಚಗಿತ್ತಾ ಅಂತ ಕೇಳಿದ್ದು ಅದಕ್ಕೇ.

ನಾಲ್ಕು ಗೆರೆ ಬಾಕಿ ಇದ್ದರೆ ಏನಾಗುತ್ತದೆ ಅಂತ ತಮ್ಮ ಕೇಳಿದ. ಲೆಕ್ಕ ಮಾಡಿ ತೋರಿಸಿದೆ. ನಾಲ್ಕು ಗೆರೆ ಇಳಿಯಲು ಬಾಕಿ ಅಂದರೆ ಲೀಟರಿಗೆ ಸುಮಾರು 8 ಗ್ರಾಂ ಸಕ್ಕರೆ ಇನ್ನೂ ಒಳಗೇ ಉಂಟು. ಬಾಟ್ಲಿಗೆ ತುಂಬುವಾಗ ಗ್ಯಾಸಿಗೋಸ್ಕರ ನಾವೇ ಲೀಟರಿಗೆ 5-6 ಗ್ರಾಂ ಹಾಕುತ್ತೇವೆ. ಎರಡೂ ಸೇರಿದರೆ ಗ್ಯಾಸಿಗೆ ಬೇಕಾದ ಸಕ್ಕರೆಯ ಎರಡು ಪಟ್ಟಿಗಿಂತ ಜಾಸ್ತಿ. ಮಾಮೂಲಿ ಬಿಯರ್ ಬಾಟ್ಲಿ ಅದನ್ನು ತಡೆಯುವುದಿಲ್ಲ. ನನ್ನ ಕಪಾಟಿನಲ್ಲಿ ಆದದ್ದು ಅದೇ.

ಎರಡನೇ ವರ್ಷದಿಂದ ನಾನು ಇನ್ನೊಂದು ಕೆಲಸ ಮಾಡತೊಡಗಿದೆ. ಯೀಸ್ಟ್ ಹಾಕಿದ ದಿನವೇ ಬಕೆಟ್ಟಿನಿಂದ ಒಂದು ದೊಡ್ಡ ಲೋಟದಷ್ಟನ್ನು ಶುದ್ಧ ಬಾಟ್ಲಿಗೆ ತೆಗೆದು, ಅದಕ್ಕೆ ಚಿಟಿಕೆ ಯೀಸ್ಟ್ ಜಾಸ್ತಿ ಹಾಕಿ, ಬಾಯಿಗೆ ಫಾಯಿಲ್ ಸಡಿಲವಾಗಿ ಮುಚ್ಚಿ ಬಾಯ್ಲರಿನ ಪಕ್ಕದ ಬೆಚ್ಚಗಿನ ಕಪಾಟಿನಲ್ಲಿ ಇಡುವುದು. ಹೋಗುವಾಗ ಬರುವಾಗ ಒಮ್ಮೆ ಅಲ್ಲಾಡಿಸುವುದು. ದೋಸೆ ಹಿಟ್ಟನ್ನು ಒಲೆ ಪಕ್ಕ ಇಟ್ಟರೆ ಬೇಗ ಹುಳಿ ಬರುತ್ತದಲ್ವಾ, ಹಾಗೆ. ಎರಡು ಮೂರು ದಿನದಲ್ಲಿ ಅದು ತನ್ನ ಕೊನೆಗೆ ಬಂದು ನಿಲ್ಲುತ್ತದೆ. ಅದರ ರೀಡಿಂಗ್ 1.011 ಬಂದರೆ ದೊಡ್ಡ ಬಕೆಟ್ಟೂ ಅಲ್ಲಿಗೇ ಬರಬೇಕು. ಬಕೆಟ್ 1.017ರಲ್ಲಿ ನಿಂತಿದ್ದರೆ ಅದು ಮಲಗಿದೆ ಅಂತ ಕೂಡಲೇ ಗೊತ್ತಾಗುತ್ತದೆ. ಅಂದಾಜು ಹಾಕುವ ಕೆಲಸವೇ ಇಲ್ಲ. ನನಗೆ ಇಷ್ಟು ನೆಮ್ಮದಿ ಕೊಟ್ಟ ಉಪಾಯ ಬೇರೆ ಇಲ್ಲ.

ಇನ್ನು ರುಚಿ. ರೀಡಿಂಗ್ ನಿಂತ ದಿನವೇ ಬಿಯರ್ ಹದಕ್ಕೆ ಬಂದಿರುತ್ತದೆ ಅಂತ ಹೇಳಲಾಗದು. ಬೆಣ್ಣೆಯ ವಾಸನೆ, ಇಲ್ಲವೇ ಹಸಿ ಸೇಬಿನ ವಾಸನೆ ಉಳಿದಿದ್ದರೆ ಯೀಸ್ಟಿಗೆ ಕೆಲಸ ಬಾಕಿ ಇದೆ. ತಾನೇ ಬಿಟ್ಟ ಆ ವಾಸನೆಯನ್ನು ಅದು ಕೊನೆಗೆ ತಾನೇ ಎಳೆದುಕೊಳ್ಳುತ್ತದೆ, ಎರಡು ಮೂರು ದಿನ ಸುಮ್ನೆ ಬಿಡಬೇಕು. ಸಂಶಯ ಇದ್ದರೆ ಅರ್ಧ ಲೋಟ ಬಿಯರನ್ನು ಮುಚ್ಚಿ, ಬಿಸಿನೀರಿನ ಪಾತ್ರೆಯಲ್ಲಿ ಇಪ್ಪತ್ತು ನಿಮಿಷ ಇಟ್ಟು, ಆರಿಸಿ ಮೂಸುತ್ತೇನೆ. ಬಿಸಿಗೆ ಅಡಗಿದ್ದ ಬೆಣ್ಣೆ ವಾಸನೆ ಎದ್ದು ಬರುತ್ತದೆ. ಬಂದರೆ ಮತ್ತೆ ಕಾಯುವುದು.

ತಮ್ಮನ ಬಕೆಟ್ಟಿಗೆ ಬರುತ್ತೇನೆ. ಅವನು ಬರೀ ಮಾಲ್ಟಿನಲ್ಲಿ ಮಾಡಿದ್ದ, ಶುರುವಿನ ರೀಡಿಂಗ್ 1.048. ಫೋನ್ ಇಟ್ಟ ಅರ್ಧ ಗಂಟೆಗೆ ಫೋಟೋ ಕಳಿಸಿದ: 1.018. ರೂಮಿನ ಬಿಸಿ 15 ಡಿಗ್ರಿ. ಬಕೆಟ್ಟನ್ನು ಮಹಡಿಯ ಬೆಚ್ಚಗಿನ ರೂಮಿಗೆ ಸಾಗಿಸು, ಮುಚ್ಚಳ ತೆಗೆಯದೆ ಮೆಲ್ಲಗೆ ಸುತ್ತ ಆಡಿಸು, ತಳದಲ್ಲಿ ಕೂತ ಯೀಸ್ಟ್ ಏಳಲಿ ಅಂದೆ. ಮರುದಿನ ಸಂಜೆಗೇ ಗುಳ್ಳೆ ಮತ್ತೆ ಶುರುವಾಯಿತು. ಆ ವೀಡಿಯೋ ಕಳಿಸಿ ಏನೂ ಬರೆಯಲಿಲ್ಲ. ನಾಲ್ಕು ದಿನಕ್ಕೆ 1.014. ಇನ್ನೆರಡು ದಿನಕ್ಕೆ 1.012. ಮತ್ತೆ ಎರಡು ದಿನ ಬಿಟ್ಟು 1.012.

ಮೂರನೇ ಸಲ ಅವನು ವಿಡಿಯೋ ಕಾಲಿನಲ್ಲೇ ರೀಡಿಂಗ್ ತೆಗೆದ. ಫೋನನ್ನು ಕೊಳವೆಯ ಮಟ್ಟಕ್ಕೆ ಹಿಡಿದಿದ್ದ. ಕಡ್ಡಿ ತಿರುಗುತ್ತಿತ್ತು. ಅಮ್ಮ ನನ್ನ ಹಿಂದೆ ನಿಂತು ಇಣುಕಿ, "ಅದು ಸೊಸೈಟಿಯ ಹಾಲಿನ ಕಡ್ಡಿ ಅಲ್ವಾ? ಅವನಿಗೆ ಯಾಕೆ ಅಲ್ಲಿ?" ಅಂತ ಕೇಳಿದರು. ನಾನು ಉತ್ತರ ಕೊಡುವ ಮೊದಲೇ ಕಡ್ಡಿ ನಿಂತಿತು. ಹತ್ತರ ದಪ್ಪ ಗೆರೆಯಿಂದ ಕೆಳಗೆ ಒಂದು, ಎರಡು ಸಣ್ಣ ಗೆರೆ ಎಣಿಸಿದೆ. 1.012.

"ರುಚಿ ನೋಡಿದ್ಯಾ?"

"ನೋಡಿದೆ. ಬೆಣ್ಣೆ ಇಲ್ಲ."

"ಹಾಗಾದ್ರೆ ಬಾಟ್ಲಿ ತೊಳಿ."