ಕಂತು ಕಟ್ಟೋಕೆ ಬಿಪಿ ಗುಳಿಗೆ ಬಿಡಬೇಡಿ

ಸಿಂಧನೂರಿನಲ್ಲಿ ನನ್ನದೊಂದು ಮೆಡಿಕಲ್ ಅಂಗಡಿ ಇದೆ. ಯಾರ ಮನೆಯಲ್ಲಿ ಸಾಲ ಬಿಗಿಯಾಗಿದೆ ಅನ್ನೋದು ನಮಗೆ ಬೇಗ ಗೊತ್ತಾಗುತ್ತದೆ. ತಿಂಗಳ ಗುಳಿಗೆ ಒಯ್ಯುವವರು ಒಂದೇ ಸ್ಟ್ರಿಪ್ ಸಾಕು ಅನ್ನುತ್ತಾರೆ. "ಅಕ್ಕಾ, ದಿನ ಬಿಟ್ಟು ದಿನ ತಗೊಂಡ್ರ ನಡೀತೈತೇನ್ರಿ?" ಅಂತ ಕೇಳುತ್ತಾರೆ.

ನಡೆಯುವುದಿಲ್ಲ. ಬಿಪಿ ಗುಳಿಗೆಯನ್ನು ಡಾಕ್ಟರ್ ಹೇಳದೆ ಬಿಡಬಾರದು, ಅರ್ಧ ಮಾಡಲೂಬಾರದು. ಲಕ್ವ ಹೊಡೆದರೆ ದುಡಿಯುವ ಕೈಯೇ ಹೋಗುತ್ತದೆ, ಆಮೇಲೆ ಕಂತು ಕಟ್ಟೋರು ಯಾರು? ದುಡ್ಡಿಲ್ಲದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಅಮ್ಲೋಡಿಪಿನ್, ಮೆಟ್‌ಫಾರ್ಮಿನ್ ತರಹದ ಬಿಪಿ, ಶುಗರ್ ಗುಳಿಗೆ ಅಲ್ಲಿ ಪುಕ್ಕಟೆ. ಅಲ್ಲಿ ಮುಗಿದಿದ್ದರೆ ಜನೌಷಧಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತವೆ. ನನ್ನ ವ್ಯಾಪಾರಕ್ಕೆ ಇದು ಹೊಡೆತವೇ, ಇರಲಿ.

ಸಾಲದ ಚಿಂತೆ ಹತ್ತಿದರೆ ಮೈಗೆ ವಿಶ್ರಾಂತಿಯೇ ಸಿಗುವುದಿಲ್ಲ. ಅಡ್ರಿನಲಿನ್, ಕಾರ್ಟಿಸೋಲ್ ಅನ್ನುವ ಹಾರ್ಮೋನು ಏರುತ್ತವೆ, ಜೊತೆಗೆ ಬಿಪಿ, ಶುಗರ್ ಕೂಡ. ನಿದ್ದೆ ಕೆಡುತ್ತದೆ, ಹೊಟ್ಟೆ ಉರಿಯುತ್ತದೆ, ಕತ್ತು ಹಿಡಿಯುತ್ತದೆ. ಜನ ಗ್ಯಾಸಿನ ಗುಳಿಗೆ, ನೋವಿನ ಗುಳಿಗೆ ಕೇಳುತ್ತಾರೆಯೇ ಹೊರತು ಸಾಲದ ಸುದ್ದಿ ಎತ್ತುವುದಿಲ್ಲ. ಡಾಕ್ಟರ ಮುಂದೆ ಅದನ್ನೂ ಹೇಳಿ. ಕಂತಿನ ಹಿಂದಿನ ದಿನ ಒಮ್ಮೆ, ಬೇರೆ ದಿನ ಒಮ್ಮೆ ಬಿಪಿ ನೋಡಿಸಿ ಬರೆದಿಟ್ಟುಕೊಂಡು ಹೋದರೆ ಇನ್ನೂ ಒಳ್ಳೇದು. ಬಿಪಿ ಇದ್ದವರು ನೋವಿನ ಗುಳಿಗೆಯನ್ನು ದಿನಾ ನುಂಗಬೇಡಿ. ಬಿಪಿ ಏರುತ್ತದೆ, ಕಿಡ್ನಿಗೂ ಕೆಟ್ಟದ್ದು. ಎದೆ ಒತ್ತಿ ಬೆವರು ಬಂದರೆ ಗ್ಯಾಸ್ ಅಂತ ಸೋಡಾ ಕುಡಿಯುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ. ನಿದ್ದೆ ಗುಳಿಗೆಯನ್ನಂತೂ ಚೀಟಿ ಇಲ್ಲದೆ ನಾನು ಕೊಡುವುದಿಲ್ಲ. ಎಷ್ಟು ಬೈದರೂ ಅಷ್ಟೇ.

ಈಗ ಒಂದು ಹಾಳೆ ತಗೊಳ್ಳಿ. ಮನೆಯವರನ್ನೂ ಕೂರಿಸಿಕೊಳ್ಳಿ. ಗಂಡ ಬಚ್ಚಿಟ್ಟ ಸಾಲ ಒಂದು, ಹೆಂಡತಿ ಬಚ್ಚಿಟ್ಟದ್ದು ಇನ್ನೊಂದು ಇರುತ್ತದೆ, ನಿದ್ದೆ ಕೆಡಿಸುವುದು ಅದೇ ಜಾಸ್ತಿ. ಸಂಘದ ಸಾಲ, ಕೈಸಾಲ, ಗೊಬ್ಬರದ ಅಂಗಡಿಯ ಉದ್ರಿ, ಅಡವಿಟ್ಟ ಬಂಗಾರ, ಎಲ್ಲ ಬರೆಯಿರಿ. ಬಡ್ಡಿಯನ್ನು ವರ್ಷದ ಲೆಕ್ಕಕ್ಕೆ ತನ್ನಿ. ತಿಂಗಳಿಗೆ ನೂರಕ್ಕೆ ಮೂರು ಅಂದರೆ ವರ್ಷಕ್ಕೆ 36. ನೂರಕ್ಕೆ ಐದು ಅಂದರೆ 60. 50,000 ರೂಪಾಯಿಗೆ ತಿಂಗಳಿಗೆ 2,500 ಬರೀ ಬಡ್ಡಿಗೇ ಹೋಗುತ್ತದೆ, ಅಸಲು ಒಂದು ಪೈಸೆ ಕರಗುವುದಿಲ್ಲ. ಮೊದಲು ತೀರಿಸಬೇಕಾದದ್ದು ಅದನ್ನೇ. ಅದೇ ಹಾಳೆಯಲ್ಲಿ, ಕಂತುಗಳಿಗಿಂತ ಮೇಲೆ, ಅಕ್ಕಿ ಮತ್ತು ಗುಳಿಗೆಯ ಖರ್ಚು ಬರೆಯಿರಿ. ಹಳೇ ಕಂತು ಕಟ್ಟಲು ಹೊಸ ಸಂಘಕ್ಕೆ ಸೇರಬೇಡಿ. ನಮ್ಮಂಗಡಿಯ ಉದ್ರಿ ಕೊನೆಗಿರಲಿ, ಅದಕ್ಕೆ ಬಡ್ಡಿ ಇಲ್ಲ.

ವಸೂಲಿಗೆ ಬರುವವರಿಗೂ ನಿಯಮ ಇದೆ. ಮೈಕ್ರೋಫೈನಾನ್ಸ್ ಸಾಲಕ್ಕೆ ಬೆಳಿಗ್ಗೆ 9ಕ್ಕಿಂತ ಮೊದಲು, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಬೈಯುವುದು, ಬೆದರಿಸುವುದು, ನೆಂಟರಿಗೆ ಕಾಟ ಕೊಡುವುದೂ ತಪ್ಪು. ಬಲವಂತದ ವಸೂಲಿ ತಡೆಯಲು 2025ರಲ್ಲಿ ರಾಜ್ಯದ ಕಾನೂನೂ ಬಂದಿದೆ, 10 ವರ್ಷದವರೆಗೆ ಜೈಲು ಆಗಬಹುದು. ದಿನಾಂಕ, ಹೊತ್ತು, ಬಂದವರ ಹೆಸರು ಬರೆದಿಟ್ಟು ಪೊಲೀಸ್ ಠಾಣೆಗೆ ದೂರು ಕೊಡಿ. ಉಚಿತ ಕಾನೂನು ಸಲಹೆಗೆ 15100 ಇದೆ.

ಆಸ್ಪತ್ರೆಗಾಗಿ ಸಾಲ ಮಾಡುವ ಮುಂಚೆ ಆಯುಷ್ಮಾನ್ ಕಾರ್ಡ್ ಕೇಳಿ. ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಬೇಕು.

ಮನೆಯಲ್ಲಿ ಯಾರಾದರೂ ಊಟ ಬಿಟ್ಟು, ಮಾತು ಬಿಟ್ಟು, "ಸಾಕಾತು, ನಾ ಇರಬಾರದು" ಅಂದರೆ ಸುಮ್ನೆ ಅಂದರು ಅಂದುಕೊಳ್ಳಬೇಡಿ. ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ ಕೇಳಿ, ಕೇಳಿದ್ದರಿಂದ ಕೆಡುಕಾಗುವುದಿಲ್ಲ. ಹೊಲಕ್ಕೆ ಹೊಡೆಯುವ ಎಣ್ಣೆಯನ್ನು ಆವತ್ತೇ ಬೇರೆಯವರ ಮನೆಗೆ ಸಾಗಿಸಿ. ಅವರನ್ನು ಒಬ್ಬರೇ ಬಿಡಬೇಡಿ. ಮನಸ್ಸಿನ ಕಷ್ಟ ಕೇಳುವ ಸರ್ಕಾರದ ಸಹಾಯವಾಣಿ ಟೆಲಿಮನಸ್ 14416ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮನಸ್ಸಿನ ಡಾಕ್ಟರ್ ನೋಡುವ ಮನೋಚೈತನ್ಯ ಕ್ಲಿನಿಕ್ ಯಾವ ದಿನ ಅಂತ ತಾಲ್ಲೂಕು ಆಸ್ಪತ್ರೆಯ ಚೀಟಿ ಮಾಡಿಸುವಲ್ಲೇ ಹೇಳುತ್ತಾರೆ.